ರಮ್ಮಿ ಬಲ್ಲವರಿಗೆ ಮಾಜಾಂಗ್: ಚೀನೀ ಬಿಲ್ಲೆಯಾಟ ಕಲಿಯುವ ಬಗೆ

ಬಳ್ಳಾರಿ: ನಗರದ ಸತ್ಯನಾರಾಯಣಪೇಟೆಯಲ್ಲಾಗಲಿ, ಬೆಂಗಳೂರಿನ ಬಸವನಗುಡಿಯಲ್ಲಾಗಲಿ, ಮದುವೆಯ ಹಿಂದಿನ ರಾತ್ರಿ ನಾಲ್ವರು ಹಿರಿಯರು ಜಮಖಾನೆ ಹಾಸಿ ಕುಳಿತರೆಂದರೆ ನಡುವೆ ಇಸ್ಪೀಟಿನ ಕಟ್ಟು ಬಿಚ್ಚುವುದು ರೂಢಿ. ಕೈಗೆ ಹದಿಮೂರು ಎಲೆ, ಸೀಕ್ವೆನ್ಸ್, ಟ್ರಯೋ, ಜೋಕರ್, ಕೊನೆಗೆ ಶೋ. ಇಷ್ಟು ಬಲ್ಲವರ ಮುಂದೆ ಮಾಜಾಂಗ್ ಪೆಟ್ಟಿಗೆ ತೆರೆದಿಟ್ಟರೆ ಮೊದಲು ಹುಟ್ಟುವುದು ಅಳುಕು. 144 ಬಿಲ್ಲೆಗಳು, ಅವುಗಳ ಮೇಲೆ ಚೀನೀ ಲಿಪಿ, ಹಕ್ಕಿ, ಹೂವು, ದಿಕ್ಕುಗಳು. ಆದರೆ ಈ ಅಳುಕು ಅನವಶ್ಯಕ. ಮಾಜಾಂಗ್‌ನಲ್ಲಿಯೂ ಕೈಯಲ್ಲಿರುವುದು ಹದಿಮೂರೇ. ಒಂದನ್ನು ಎತ್ತಿ ಒಂದನ್ನು ಎಸೆಯುವ ಕ್ರಮವೂ ಅದೇ. ಸರಣಿ ಕೂಡಿಸುವುದು, ಒಂದೇ ಸಂಖ್ಯೆಯ ಮೂರನ್ನು ಕೂಡಿಸುವುದು, ಎಲ್ಲರಿಗಿಂತ ಮೊದಲು ಕೈ ಮುಗಿಸುವುದು, ಇವೆಲ್ಲವೂ ರಮ್ಮಿ ಆಟಗಾರನಿಗೆ ಪರಿಚಿತವೇ.

ಭೇದ ಇರುವುದು ಮುಖ್ಯವಾಗಿ ಒಂದು ಕಡೆ. ರಮ್ಮಿಯಲ್ಲಿ ಒಬ್ಬರು ಎಸೆದ ಎಲೆ ಮುಂದಿನವರಿಗೆ ಮಾತ್ರ ಲಭ್ಯ. ಅವರು ಬೇಡವೆಂದರೆ ಅದು ಸತ್ತಂತೆ. ಮಾಜಾಂಗ್‌ನಲ್ಲಿ ಎಸೆದ ಬಿಲ್ಲೆಯ ಮೇಲೆ ಉಳಿದ ಮೂವರಿಗೂ ಹಕ್ಕಿದೆ. ಹೀಗಾಗಿ ತನ್ನ ಕೈಯನ್ನು ಮಾತ್ರ ನೋಡಿಕೊಂಡು ಆಡುವವನು ಇಲ್ಲಿ ಬೇಗ ಸೋಲುತ್ತಾನೆ. ಈ ಆಟದಲ್ಲಿ ಕಲಿಯಬೇಕಾದದ್ದರ ಬಹುಪಾಲು ಎಸೆಯುವ ವಿದ್ಯೆಯೇ ಆಗಿದೆ.

ಕಂಪ್ಯೂಟರಿನಲ್ಲಿರುವುದು ಬೇರೆ ಆಟ

ಮುಂದುವರಿಯುವ ಮುನ್ನ ಒಂದು ಗೊಂದಲವನ್ನು ನಿವಾರಿಸಬೇಕು. ನಮ್ಮಲ್ಲಿ ಅನೇಕರಿಗೆ ಮಾಜಾಂಗ್ ಎಂಬ ಹೆಸರು ಪರಿಚಯವಾದದ್ದು ಕಂಪ್ಯೂಟರಿನ ಮೂಲಕ. 2007ರಲ್ಲಿ ಮಾರುಕಟ್ಟೆಗೆ ಬಂದ ವಿಂಡೋಸ್ ವಿಸ್ತಾದ ಕೆಲವು ಆವೃತ್ತಿಗಳಲ್ಲಿ ‘ಮಾಜಾಂಗ್ ಟೈಟನ್ಸ್’ ಎಂಬ ಆಟವಿತ್ತು. ಗುಡ್ಡೆ ಹಾಕಿದ ಬಿಲ್ಲೆಗಳಲ್ಲಿ ಒಂದೇ ಚಿತ್ರದ ಎರಡನ್ನು ಗುರುತಿಸಿ ತೆಗೆಯುತ್ತಾ ಹೋಗುವುದು ಅದರ ಕ್ರಮ. ಕಚೇರಿಗಳಲ್ಲಿ ಊಟದ ವಿರಾಮವನ್ನು, ಕೆಲವೊಮ್ಮೆ ವಿರಾಮವಲ್ಲದ ಹೊತ್ತನ್ನೂ, ನುಂಗಿದ ಆಟವದು. ಇದರ ಮೂಲ, ಅಮೆರಿಕದ ಬ್ರಾಡಿ ಲಾಕರ್ಡ್ 1981ರಲ್ಲಿ ಪ್ಲೇಟೋ ಎಂಬ ಕಂಪ್ಯೂಟರ್ ಜಾಲಕ್ಕಾಗಿ ರೂಪಿಸಿದ ಆಟ. ಜಿಮ್ನಾಸ್ಟಿಕ್ಸ್ ಅಪಘಾತದಲ್ಲಿ ಕೈಕಾಲುಗಳ ಸ್ವಾಧೀನ ಕಳೆದುಕೊಂಡಿದ್ದ ಲಾಕರ್ಡ್ ಒಬ್ಬರೇ ಆಡಬಹುದಾದ ಆಟವನ್ನು ರಚಿಸಿದರು. 1986ರಲ್ಲಿ ಅದು ‘ಶಾಂಘೈ’ ಎಂಬ ಹೆಸರಿನಲ್ಲಿ ಮಾರಾಟಕ್ಕೆ ಬಂದಿತು.

ಬಿಲ್ಲೆಗಳ ಚಿತ್ರಗಳನ್ನು ಬಿಟ್ಟರೆ ಈ ಒಂಟಿಯಾಟಕ್ಕೂ ನಾಲ್ವರು ಕೂತು ಆಡುವ ಮಾಜಾಂಗ್‌ಗೂ ಸಂಬಂಧವಿಲ್ಲ. ಅದನ್ನು ಆಡಿದವರಿಗೆ ಒಂದು ಲಾಭ ಮಾತ್ರ ಉಂಟು. ಚಿತ್ರಗಳ ಗುರುತು ಆಗಲೇ ಹತ್ತಿರುತ್ತದೆ.

ಬಿಲ್ಲೆಗಳ ಲೆಕ್ಕ

ಸಂಪೂರ್ಣ ಪೆಟ್ಟಿಗೆಯಲ್ಲಿ 144 ಬಿಲ್ಲೆಗಳಿದ್ದರೂ ಅವುಗಳಲ್ಲಿ ಎಂಟು ಹೂವು ಹಾಗೂ ಋತುಗಳ ಬಿಲ್ಲೆಗಳು. ಹೊಸಬರು ಮೊದಲ ಕೆಲವು ದಿನ ಇವನ್ನು ಪೆಟ್ಟಿಗೆಯಲ್ಲಿಯೇ ಬಿಡುವುದು ಲೇಸು. ಉಳಿದ 136ರಲ್ಲಿ ಬೇರೆ ಬೇರೆ ಬಗೆಗಳು 34 ಮಾತ್ರ. ಪ್ರತಿಯೊಂದಕ್ಕೂ ನಾಲ್ಕು ಪ್ರತಿಗಳು. ಈ ‘ನಾಲ್ಕು’ ಎಂಬ ಸಂಖ್ಯೆಯನ್ನು ಮನಸ್ಸಿನಲ್ಲಿ ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಮುಂದಿನ ಲೆಕ್ಕವೆಲ್ಲ ಇದರ ಮೇಲೆಯೇ ನಿಂತಿದೆ.

ಇಸ್ಪೀಟಿನಲ್ಲಿ ಆಟೀನು, ಡೈಮಂಡ್, ಕ್ಲಾವರ್, ಇಸ್ಪೀಟು ಎಂಬ ನಾಲ್ಕು ವರ್ಗಗಳಿದ್ದರೆ ಇಲ್ಲಿ ಮೂರು. ಚಕ್ರ, ಬಿದಿರು ಮತ್ತು ವಾನ್. ಪ್ರತಿ ವರ್ಗದಲ್ಲಿ ಒಂದರಿಂದ ಒಂಬತ್ತರವರೆಗೆ ಸಂಖ್ಯೆಗಳು. ಈ ಮೂರೂ ವರ್ಗಗಳ ಹಿಂದಿರುವುದು ದುಡ್ಡಿನ ಲೆಕ್ಕ ಎನ್ನುವುದು ಸ್ವಾರಸ್ಯದ ಸಂಗತಿ. ಚಕ್ರವೆಂದರೆ ಚೀನಾದ ಹಳೆಯ ನಾಣ್ಯ. ಬಿದಿರಿನ ಗಣ್ಣಿನಂತೆ ಕಾಣುವುದು, ನಡುವೆ ತೂತಿದ್ದ ಆ ನಾಣ್ಯಗಳನ್ನು ದಾರಕ್ಕೆ ಪೋಣಿಸಿದ ಸರ. ವಾನ್ ಎಂದರೆ ಹತ್ತು ಸಾವಿರ. ಬಿಲ್ಲೆಗಳು ಬರುವುದಕ್ಕೂ ಮುನ್ನ ಚೀನಾದಲ್ಲಿ ಪ್ರಚಲಿತವಿದ್ದ ಕಾಗದದ ಎಲೆಗಳ ಮೇಲೆಯೂ ಇವೇ ಗುರುತುಗಳಿದ್ದವು. ಮಾಜಾಂಗ್ ಆ ಎಲೆಯಾಟಗಳ ಸಂತಾನ.

ಚಕ್ರದ ಬಿಲ್ಲೆಯಲ್ಲಿ ಚಕ್ರಗಳನ್ನು ಎಣಿಸಿದರಾಯಿತು, ಬಿದಿರಿನಲ್ಲಿ ಕಡ್ಡಿಗಳನ್ನು ಎಣಿಸಿದರಾಯಿತು. ಒಂದು ಅಪವಾದವಿದೆ. ಬಿದಿರಿನ ಒಂದನೆಯ ಬಿಲ್ಲೆಯಲ್ಲಿ ಕಡ್ಡಿಯ ಬದಲು ಹಕ್ಕಿಯ ಚಿತ್ರವಿರುತ್ತದೆ. ಕೆಲವು ಪೆಟ್ಟಿಗೆಗಳಲ್ಲಿ ಗುಬ್ಬಿ, ಕೆಲವುಗಳಲ್ಲಿ ನವಿಲು. ಹೊಸಬರು ಇದನ್ನು ಹೂವಿನ ಬಿಲ್ಲೆಯೆಂದು ಭ್ರಮಿಸಿ ಪಕ್ಕಕ್ಕಿಡುವುದು ಸಾಮಾನ್ಯ. ವಾನ್ ವರ್ಗದಲ್ಲಿ ಮಾತ್ರ ಚೀನೀ ಅಂಕಿಗಳಿವೆ. ಒಂದು, ಎರಡು, ಮೂರಕ್ಕೆ ಅಷ್ಟೇ ಅಡ್ಡಗೆರೆಗಳು. ನಾಲ್ಕು ಕಿಟಕಿಯಂತಿರುವ ಚೌಕ. ಎಂಟು, ಮನೆಯ ಮಾಡಿನಂತೆ ಇಳಿಬಿದ್ದ ಎರಡು ಗೆರೆಗಳು. ಅಂಕಿಯ ಕೆಳಗಿರುವ, ಸಾಮಾನ್ಯವಾಗಿ ಕೆಂಪಿನಲ್ಲಿರುವ ಅಕ್ಷರವೇ ‘ವಾನ್’. ರಫ್ತಿಗಾಗಿ ತಯಾರಾಗುವ ಪೆಟ್ಟಿಗೆಗಳಲ್ಲಿ ಮೂಲೆಗೆ ನಮಗೆ ತಿಳಿದ ಅಂಕಿಗಳನ್ನೂ ಅಚ್ಚು ಹಾಕಿರುತ್ತಾರೆ. ಕೊಳ್ಳುವವರು ಅಂಥದ್ದನ್ನೇ ಕೇಳಿ ಪಡೆಯಬೇಕು.

ಈ ಮೂರು ವರ್ಗಗಳ ಹೊರಗೆ ಏಳು ಬಗೆಯ ಬಿಲ್ಲೆಗಳಿವೆ. ಮೂಡಣ, ತೆಂಕಣ, ಪಡುವಣ, ಬಡಗಣ ಎಂಬ ನಾಲ್ಕು ಗಾಳಿಗಳು; ಕೆಂಪು, ಹಸಿರು, ಬಿಳಿ ಎಂಬ ಮೂರು ಡ್ರ್ಯಾಗನ್‌ಗಳು. ಡ್ರ್ಯಾಗನ್ ಎಂಬ ಹೆಸರು ಪಾಶ್ಚಾತ್ಯರು ಇಟ್ಟದ್ದು, ಬಿಲ್ಲೆಯ ಮೇಲೆ ಯಾವ ಸರ್ಪವೂ ಇರುವುದಿಲ್ಲ. ಬಿಳಿಯ ಬಿಲ್ಲೆಯ ಮೇಲಂತೂ ಹಲವು ಪೆಟ್ಟಿಗೆಗಳಲ್ಲಿ ಏನೂ ಇರುವುದಿಲ್ಲ. ಗಾಳಿ ಮತ್ತು ಡ್ರ್ಯಾಗನ್‌ಗಳಿಗೆ ಸಂಖ್ಯೆಯಿಲ್ಲದ ಕಾರಣ ಅವುಗಳಿಂದ ಸರಣಿ ಕಟ್ಟಲಾಗದು. ಒಂದೇ ಬಗೆಯ ಮೂರು ಸಿಕ್ಕರೆ ಮಾತ್ರ ಪ್ರಯೋಜನ.

ಎಣಿಸಿ ತಿಳಿಯಬಹುದಾದವನ್ನು ಬಿಟ್ಟರೆ ಕಂಠಪಾಠ ಮಾಡಬೇಕಾದ ಆಕೃತಿಗಳು ಹದಿನಾರು ಹದಿನೇಳು ಅಷ್ಟೇ. ಕನ್ನಡ ನಾಡಿಗೆ ಇದೇನೂ ಭಾರವಲ್ಲ. ಹತ್ತು ವರ್ಗಗಳಲ್ಲಿ 120 ಎಲೆಗಳಿರುವ ದಶಾವತಾರ ಗಂಜೀಫಾ ಆಡಿದವರ ನಾಡಿದು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಹತ್ತೊಂಬತ್ತನೆಯ ಶತಮಾನದಲ್ಲಿ ರೂಪಿಸಿದ ‘ಛದ’ ಎಂಬ ಎಲೆಯಾಟಗಳಲ್ಲಿ ಒಂದಕ್ಕೆ 360 ಎಲೆಗಳು ಬೇಕಾಗುತ್ತಿದ್ದವು.

ಗೋಡೆ ಕಟ್ಟಿ ಒಡೆಯುವುದು

ಆಟ ಆರಂಭವಾಗುವುದು ಬಿಲ್ಲೆಗಳನ್ನು ಮಗುಚಿ ಮೇಜಿನ ಮೇಲೆ ಎರಡೂ ಕೈಗಳಿಂದ ಕಲಸುವುದರೊಂದಿಗೆ. ಮಾಜಾಂಗ್ ಎಂಬ ಹೆಸರಿನ ಹಳೆಯ ರೂಪಕ್ಕೆ ಗುಬ್ಬಿ ಎಂಬ ಅರ್ಥವಿದೆ. ಬಿಲ್ಲೆಗಳು ಒಂದಕ್ಕೊಂದು ತಾಗುವ ಸದ್ದು ಗುಬ್ಬಿಗಳ ಚಿಲಿಪಿಲಿಯಂತಿರುವುದರಿಂದ ಆ ಹೆಸರು ಬಂದಿತೆಂದು ಹೇಳುವವರಿದ್ದಾರೆ. ಪಕ್ಕದ ಮನೆಯವರಿಗೆ ಮಧ್ಯರಾತ್ರಿಯಲ್ಲಿ ಅದು ಚಿಲಿಪಿಲಿಯಂತೆ ಕೇಳಿಸುವುದು ಅನುಮಾನ.

ಕಲಸಿದ ಬಳಿಕ ಪ್ರತಿಯೊಬ್ಬರೂ ತಮ್ಮ ಮುಂದೆ ಎರಡು ಅಂತಸ್ತಿನ ಗೋಡೆ ಕಟ್ಟಬೇಕು. ಹೂವುಗಳೂ ಸೇರಿದ್ದರೆ ಹದಿನೆಂಟು ಜೋಡಿ ಉದ್ದ, ಇಲ್ಲವಾದರೆ ಹದಿನೇಳು. ನಾಲ್ಕು ಗೋಡೆಗಳು ಕೂಡಿ ಚೌಕವಾಗುತ್ತದೆ. ಮೂಡಣದ ಆಟಗಾರ ಎರಡು ದಾಳಗಳನ್ನು ಉರುಳಿಸುತ್ತಾನೆ. ತನ್ನನ್ನು ಒಂದೆಂದು ಹಿಡಿದು ಬಲಕ್ಕೆ ಎಣಿಸುತ್ತಾ ಹೋದಾಗ ದಾಳದ ಮೊತ್ತ ಯಾರಲ್ಲಿ ನಿಲ್ಲುತ್ತದೋ ಅವರ ಗೋಡೆಯ ಬಲತುದಿಯಿಂದ ಅಷ್ಟೇ ಜೋಡಿಗಳನ್ನು ಬಿಟ್ಟು ಅಲ್ಲಿ ಗೋಡೆ ಒಡೆಯಲಾಗುತ್ತದೆ. ನಂತರ ಪ್ರತಿಯೊಬ್ಬರೂ ನಾಲ್ಕು ನಾಲ್ಕರಂತೆ ಮೂರು ಬಾರಿ, ಕೊನೆಗೆ ಒಂದೊಂದು ಎತ್ತಿಕೊಳ್ಳುತ್ತಾರೆ. ಮೂಡಣದವನಿಗೆ ಒಂದು ಹೆಚ್ಚು; ಅವನು ಅದನ್ನು ಎಸೆಯುವುದರೊಂದಿಗೆ ಆಟ ಶುರು.

ದಿಕ್ಕುಗಳ ವಿಷಯದಲ್ಲಿ ಎಚ್ಚರ ಅಗತ್ಯ. ಮೂಡಣದವನ ಬಲಕ್ಕೆ ತೆಂಕಣ, ಎದುರಿಗೆ ಪಡುವಣ, ಎಡಕ್ಕೆ ಬಡಗಣ. ಭೂಪಟಕ್ಕೆ ಹೋಲಿಸಿದರೆ ಇದು ತಿರುಗುಮುರುಗು. ವಾಸ್ತುವಿನ ಪ್ರಕಾರ ಕೂರಲು ಹೋಗಬೇಡಿ ಎಂದು ಹೊಸಬರಿಗೆ ಹೇಳಬೇಕಾಗುತ್ತದೆ. ಆಟ ಬಲಕ್ಕೆ ಸಾಗುತ್ತದೆ, ಗೋಡೆಯಾದರೋ ಎಡಕ್ಕೆ ಕರಗುತ್ತದೆ. ಎರಡು ಸುತ್ತು ಆಡಿದ ಮೇಲೆ ಇದು ತಾನಾಗಿಯೇ ರೂಢಿಯಾಗುತ್ತದೆ.

ಕೂಗುವ ಹಕ್ಕು

ಗೆಲ್ಲುವ ಕೈಯ ಆಕಾರ ಸರಳ. ಮೂರು ಮೂರು ಬಿಲ್ಲೆಗಳ ನಾಲ್ಕು ಗುಂಪುಗಳು, ಜೊತೆಗೆ ಒಂದು ಜೋಡಿ; ಒಟ್ಟು ಹದಿನಾಲ್ಕು. ಕೈಯಲ್ಲಿರುವುದು ಹದಿಮೂರಾದ್ದರಿಂದ ಹದಿನಾಲ್ಕನೆಯದು ಗೋಡೆಯಿಂದ ಬರಬೇಕು, ಇಲ್ಲವೇ ಯಾರಾದರೂ ಎಸೆಯಬೇಕು. ಗುಂಪು ಎಂದರೆ ಒಂದೇ ವರ್ಗದ ಮೂರು ಅನುಕ್ರಮ ಸಂಖ್ಯೆಗಳ ಸರಣಿ, ಅಥವಾ ಒಂದೇ ಬಗೆಯ ಮೂರು. ರಮ್ಮಿಯ ಟ್ರಯೋದಲ್ಲಿ ಬೇರೆ ಬೇರೆ ವರ್ಗದ ಒಂದೇ ಸಂಖ್ಯೆಗಳು ಕೂಡುತ್ತವೆ. ಇಲ್ಲಿ ಹಾಗಲ್ಲ. ಚಕ್ರದ ಐದು, ಬಿದಿರಿನ ಐದು, ವಾನ್ ಐದು ಸೇರಿ ಗುಂಪಾಗದು. ರಮ್ಮಿಯಿಂದ ಬಂದವರು ಮೊದಲ ಸಂಜೆ ಎಡವುವುದು ಇಲ್ಲಿಯೇ. ಜೋಕರ್ ಕೂಡ ಇಲ್ಲ. ಅಮೆರಿಕದ ಪದ್ಧತಿಯಲ್ಲಿ ಉಂಟು, ಅದು ಬೇರೆಯದೇ ಕವಲು.

ಇನ್ನು ಕೂಗುಗಳು. ಯಾರಾದರೂ ಎಸೆದ ಬಿಲ್ಲೆ ತನ್ನ ಕೈಯಲ್ಲಿರುವ ಅದೇ ಬಗೆಯ ಎರಡರೊಂದಿಗೆ ಸೇರಿ ಮೂರಾಗುವುದಾದರೆ ‘ಪಂಗ್’ ಎಂದು ಕೂಗಿ ಎತ್ತಿಕೊಳ್ಳಬಹುದು. ಎಸೆದವರು ಯಾರೇ ಆಗಿರಲಿ, ಸರದಿ ಯಾರದೇ ಇರಲಿ. ಸರಣಿ ಪೂರ್ಣಗೊಳಿಸುವ ‘ಚೌ’ ಕೂಗಿಗೆ ನಿರ್ಬಂಧವಿದೆ. ತನ್ನ ಎಡಗಡೆಯವರು, ಅಂದರೆ ತನಗಿಂತ ಹಿಂದಿನ ಸರದಿಯವರು ಎಸೆದುದನ್ನು ಮಾತ್ರ ಹೀಗೆ ಪಡೆಯಬಹುದು. ಒಂದೇ ಬಗೆಯ ನಾಲ್ಕೂ ಕೂಡಿದರೆ ‘ಕಾಂಗ್’. ಆಗ ಕೈಯಲ್ಲಿ ಒಂದು ಬಿಲ್ಲೆ ಕೊರತೆಯಾಗುವುದರಿಂದ ಗೋಡೆಯ ಹಿಂತುದಿಯಿಂದ ಇನ್ನೊಂದನ್ನು ತೆಗೆದುಕೊಳ್ಳಬೇಕು. ಇದನ್ನು ಮರೆತವನು ಆ ಕೈಯಲ್ಲಿ ಎಷ್ಟು ಹೊತ್ತು ಆಡಿದರೂ ಗೆಲ್ಲಲಾರ. ಇಬ್ಬರು ಒಂದೇ ಬಿಲ್ಲೆಗೆ ಕೂಗಿದರೆ ಪಂಗ್ ಮತ್ತು ಕಾಂಗ್‌ಗಳಿಗೆ ಚೌಗಿಂತ ಹೆಚ್ಚಿನ ಹಕ್ಕು. ಆಟ ಮುಗಿಸುವ ‘ಹು’ ಎಂಬ ಕೂಗಿಗೆ ಎಲ್ಲಕ್ಕಿಂತ ಹೆಚ್ಚಿನ ಹಕ್ಕು.

ಪಂಗ್ ಕೂಗಿದವರು ಒಂದು ಬಿಲ್ಲೆ ಎಸೆದ ನಂತರ ಆಟ ಅವರ ಬಲಗಡೆಯವರಿಂದ ಮುಂದುವರಿಯುತ್ತದೆ. ನಡುವೆ ಕುಳಿತವರ ಸರದಿ ಹಾರಿಹೋಗುತ್ತದೆ. ಕೂಗಿ ಪಡೆದ ಗುಂಪನ್ನು ಎಲ್ಲರಿಗೂ ಕಾಣುವಂತೆ ಮೇಜಿನ ಮೇಲೆ ತೆರೆದಿಡಬೇಕೆಂಬುದು ಕಡ್ಡಾಯ ನಿಯಮ. ಒಮ್ಮೆ ತೆರೆದಿಟ್ಟದ್ದನ್ನು ಬದಲಿಸುವಂತಿಲ್ಲ.

ಹೊಸ ಆಟಗಾರರ ಬಲಹೀನತೆ ಬಯಲಾಗುವುದು ಈ ಘಟ್ಟದಲ್ಲಿ. ಕೂಗಲು ಬಂದೊಡನೆ ಕೂಗುತ್ತಾರೆ. ಮೂರು ಗುಂಪುಗಳು ಮೇಜಿನ ಮೇಲೆ ತೆರೆದುಕೊಂಡ ಬಳಿಕ ಕೈಯಲ್ಲಿ ನಾಲ್ಕೇ ಬಿಲ್ಲೆಗಳು ಉಳಿದಿರುತ್ತವೆ. ಎದುರಾಳಿಗಳಿಗೆ ಅವರ ಗುಟ್ಟು ಬಹುತೇಕ ತಿಳಿದಿರುತ್ತದೆ. ಎಸೆಯಲು ಆಯ್ಕೆಯೂ ಉಳಿಯುವುದಿಲ್ಲ. ಆರಂಭದ ವಾರಗಳಲ್ಲಿ ಚೌ ಕೂಗನ್ನೇ ಬಿಟ್ಟು ಆಡಿ ನೋಡುವುದು ಒಳ್ಳೆಯ ಅಭ್ಯಾಸ.

ಏನನ್ನು ಎಸೆಯಬೇಕು

ಒಂದು ಕೈಯನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಚಕ್ರದಲ್ಲಿ ಎರಡು, ಮೂರು, ನಾಲ್ಕು, ಆರು, ಏಳು. ಬಿದಿರಿನಲ್ಲಿ ಎರಡು ಐದುಗಳು ಹಾಗೂ ಏಳು, ಎಂಟು, ಒಂಬತ್ತು. ವಾನ್‌ನಲ್ಲಿ ಮೂರು ಮೂರುಗಳು. ಒಟ್ಟು ಹದಿಮೂರು. ಮೂರು ಗುಂಪುಗಳೂ ಜೋಡಿಯೂ ಸಿದ್ಧವಾಗಿವೆ. ಉಳಿದದ್ದು ಚಕ್ರದ ಆರು, ಏಳು. ಐದು ಬಂದರೂ ಗೆಲುವು, ಎಂಟು ಬಂದರೂ ಗೆಲುವು. ಐದರ ಪ್ರತಿಗಳು ನಾಲ್ಕು, ಎಂಟರವು ನಾಲ್ಕು; ಎಂಟು ಬಿಲ್ಲೆಗಳಿಗೆ ಬಾಗಿಲು ತೆರೆದಿದೆ.

ಅದೇ ಜಾಗದಲ್ಲಿ ಆರು ಮತ್ತು ಎಂಟು ಇದ್ದಿದ್ದರೆ ನಡುವಿನ ಏಳಕ್ಕೆ ಮಾತ್ರ ಕಾಯಬೇಕಿತ್ತು. ಬಾಗಿಲು ನಾಲ್ಕಕ್ಕೆ ಇಳಿಯಿತು. ಎಂಟು ಮತ್ತು ಒಂಬತ್ತು ಇದ್ದಿದ್ದರೂ ಹಾಗೆಯೇ, ಏಳಕ್ಕೆ ಮಾತ್ರ. ಆದ್ದರಿಂದಲೇ ನಡುವಿನ ಸಂಖ್ಯೆಗಳಿಗೆ ಬೆಲೆ ಹೆಚ್ಚು, ಒಂದು ಹಾಗೂ ಒಂಬತ್ತುಗಳಿಗೆ ಕಡಿಮೆ. ಸರಣಿಗೆ ಬಾರದ ಒಂಟಿ ಗಾಳಿಗಳಿಗೆ ಇನ್ನೂ ಕಡಿಮೆ. ಸಾಮಾನ್ಯವಾಗಿ ಮೊದಲ ಕೆಲವು ಸರದಿಗಳಲ್ಲಿ ಮೇಜಿನ ಮೇಲೆ ಬೀಳುವುದು ಒಂಟಿ ಗಾಳಿಗಳು, ಒಂದು, ಒಂಬತ್ತುಗಳು.

ಆದರೆ ಎಂಟು ಎಂಬುದು ಕಾಗದದ ಮೇಲಿನ ಲೆಕ್ಕ. ಮೇಜಿನ ಮೇಲೆ ಆಗಲೇ ಚಕ್ರದ ಐದು ಎರಡು ಬಾರಿ ಬಿದ್ದಿದ್ದು, ಯಾರೋ ಚಕ್ರದ ಎಂಟನ್ನು ಪಂಗ್ ಮಾಡಿಟ್ಟಿದ್ದರೆ ಉಳಿದದ್ದು ಎರಡು ಐದು, ಒಂದು ಎಂಟು, ಒಟ್ಟು ಮೂರೇ. ಅವೂ ಎದುರಾಳಿಗಳ ಕೈಯಲ್ಲಿ ಸರಣಿಗಳಾಗಿ ಕುಳಿತಿರಬಹುದು. ಇಂಥ ಹೊತ್ತಿನಲ್ಲಿ ಕಟ್ಟಿದ ಕೈಯನ್ನು ಮುರಿದು ಬೇರೆ ದಾರಿ ಹಿಡಿಯುವ ಧೈರ್ಯ ಬೇಕಾಗುತ್ತದೆ. ಎಸೆದ ಬಿಲ್ಲೆಗಳನ್ನು ಎಣಿಸದವರಿಗೆ ಈ ಧೈರ್ಯದ ಪ್ರಶ್ನೆಯೇ ಏಳುವುದಿಲ್ಲ, ಅವರು ಇಲ್ಲದ ಬಿಲ್ಲೆಗಾಗಿ ಕೊನೆಯವರೆಗೂ ಕಾಯುತ್ತಾರೆ.

ಎದುರಾಳಿಗಳ ಕೈಯನ್ನೂ ಅವರು ಎಸೆದದ್ದರಿಂದ ಊಹಿಸಬಹುದು. ಒಬ್ಬರು ಎಂಟು ಹತ್ತು ಸರದಿಗಳ ಕಾಲ ಚಕ್ರ, ವಾನ್‌ಗಳನ್ನಷ್ಟೇ ಎಸೆಯುತ್ತಾ ಒಂದೂ ಬಿದಿರನ್ನು ಬಿಡದಿದ್ದರೆ ಅವರು ಬಿದಿರನ್ನು ಕೂಡಿಡುತ್ತಿದ್ದಾರೆಂದೇ ತಿಳಿಯಬೇಕು. ಆಮೇಲೆ ಅವರಿಗೆ ಬಿದಿರು ಎಸೆಯುವುದು ಬೆಂಕಿಯೊಡನೆ ಸರಸ. ಗೋಡೆ ಕರಗುತ್ತಾ ಬಂದಾಗ ಅದುವರೆಗೆ ಒಮ್ಮೆಯೂ ಕಾಣಿಸಿಕೊಳ್ಳದ ಡ್ರ್ಯಾಗನ್ ಕೈಗೆ ಬಂದರೆ ಅದನ್ನು ಬಿಡುವುದು ಅಪಾಯ, ಯಾರದೋ ಕೈಯಲ್ಲಿ ಅದರ ಜೋಡಿ ಕಾದಿರುವ ಸಾಧ್ಯತೆ ದೊಡ್ಡದು. ಅದೇ ಕ್ಷಣದಲ್ಲಿ ಹಿಂದಿನವರು ಎಸೆದು ಯಾರೂ ಕೇಳದ ಬಗೆಯನ್ನೇ ತಾನೂ ಎಸೆಯುವುದು ಸುರಕ್ಷಿತ.

ಇಷ್ಟೊಂದು ಎಚ್ಚರ ಏಕೆಂದರೆ ದಂಡ ತೆರಬೇಕಾದವರು ಎಸೆದವರು. ಗೋಡೆಯಿಂದ ತಾನೇ ಎತ್ತಿ ಗೆದ್ದರೆ ಮೂವರೂ ಅಂಕ ಕೊಡುತ್ತಾರೆ. ಇನ್ನೊಬ್ಬರು ಎಸೆದ ಬಿಲ್ಲೆಯಿಂದ ಗೆದ್ದರೆ ಹೆಚ್ಚಿನ ಪಾಲು, ಜಪಾನಿನ ಪದ್ಧತಿಯಲ್ಲಿ ಪೂರ್ತಿ, ಎಸೆದವರ ತಲೆಗೆ. ಜಪಾನಿನಲ್ಲಿ ಇನ್ನೊಂದು ಕಟ್ಟಳೆಯೂ ಇದೆ. ತಾನೇ ಹಿಂದೆ ಎಸೆದ ಬಗೆಯ ಬಿಲ್ಲೆಗೆ ಕಾಯುತ್ತಿದ್ದರೆ ಬೇರೆಯವರು ಎಸೆದುದರಿಂದ ಗೆಲ್ಲುವಂತಿಲ್ಲ.

2018ರ ‘ಕ್ರೇಜಿ ರಿಚ್ ಏಷ್ಯನ್ಸ್’ ಚಿತ್ರ ನೋಡಿದವರಿಗೆ ಮಾಜಾಂಗ್ ಮೇಜಿನ ದೃಶ್ಯ ನೆನಪಿರಬಹುದು. ಪ್ರಿಯಕರನ ತಾಯಿಯೊಂದಿಗೆ ಆಡುತ್ತಿದ್ದ ನಾಯಕಿ ರೇಚಲ್‌ಗೆ ಬಿದಿರಿನ ಎಂಟು ಬರುತ್ತದೆ. ಅದನ್ನು ಆಕೆ ಎಸೆಯುತ್ತಾಳೆ. ಆ ತಾಯಿ ಅದನ್ನೆತ್ತಿ ಗೆಲ್ಲುತ್ತಾಳೆ. ನಂತರ ರೇಚಲ್ ತನ್ನ ಕೈಯನ್ನು ತೆರೆದು ತೋರಿಸಿದಾಗ ಆ ಬಿಲ್ಲೆಯಿಂದ ಅವಳೇ ಗೆಲ್ಲಬಹುದಿತ್ತೆಂಬುದು ಬಯಲಾಗುತ್ತದೆ. ಆಟ ತಿಳಿಯದ ಪ್ರೇಕ್ಷಕನಿಗೆ ಅದು ಸಂಭಾಷಣೆಯ ದೃಶ್ಯ. ತಿಳಿದವನಿಗೆ ಸಂಭಾಷಣೆಯೇ ಬೇಕಿಲ್ಲ.

ಯಾವ ಊರಿನ ನಿಯಮ?

ಆಕಾರ ಎಲ್ಲೆಡೆ ಒಂದೇ ಇದ್ದರೂ ಅಂಕಗಳ ಲೆಕ್ಕ ಊರಿಗೊಂದು ಬಗೆ. ಚೀನಾದ ರಾಷ್ಟ್ರೀಯ ಕ್ರೀಡಾ ಆಡಳಿತ 1998ರಲ್ಲಿ ಅಧಿಕೃತ ನಿಯಮಾವಳಿಯನ್ನು ರೂಪಿಸಿತು. ಅದರಲ್ಲಿ ಅಂಕ ತರುವ ಮಾದರಿಗಳು 81, ಗೆಲ್ಲಲು ಕನಿಷ್ಠ ಎಂಟು ಅಂಕ ಬೇಕು. ಅಂತರರಾಷ್ಟ್ರೀಯ ಪಂದ್ಯಗಳಲ್ಲಿ ಇದು ಬಳಕೆಯಲ್ಲಿದೆ. ಜಪಾನಿನ ‘ರೀಚಿ’ ಪದ್ಧತಿಯಲ್ಲಿ ಕೈ ಮುಚ್ಚಿಟ್ಟುಕೊಂಡೇ ಒಂದೇ ಬಿಲ್ಲೆ ಬಾಕಿಯಿದೆ ಎಂದು ಘೋಷಿಸಿ ಪಣ ಏರಿಸಬಹುದು. ಅಮೆರಿಕದಲ್ಲಿ 1937ರಲ್ಲಿ ಸ್ಥಾಪನೆಯಾದ ನ್ಯಾಷನಲ್ ಮಾಜಾಂಗ್ ಲೀಗ್ ಪ್ರತಿ ವರ್ಷ ಗೆಲ್ಲುವ ಕೈಗಳ ಹೊಸ ಪಟ್ಟಿ ಹೊರಡಿಸುತ್ತದೆ.

ಕಲಿಯುವವರಿಗೆ ಹಾಂಕಾಂಗ್ ಪದ್ಧತಿ ಅನುಕೂಲ. ಅಲ್ಲಿ ಲೆಕ್ಕ ‘ಫಾನ್’ಗಳಲ್ಲಿ. ಒಂದು ಡ್ರ್ಯಾಗನ್ ಗುಂಪಿಗೆ ಒಂದು ಫಾನ್, ಎಲ್ಲ ಗುಂಪುಗಳೂ ಮೂರು ಸಮಾನ ಬಿಲ್ಲೆಗಳವಾದರೆ ಸಾಮಾನ್ಯವಾಗಿ ಮೂರು, ಒಂದೇ ವರ್ಗದ ಜೊತೆಗೆ ಗಾಳಿ, ಡ್ರ್ಯಾಗನ್‌ಗಳು ಮಾತ್ರ ಇದ್ದರೆ ಮೂರು. ಫಾನ್ ಏರಿದಂತೆ ಅಂಕ ಇಮ್ಮಡಿಸುತ್ತಾ ಹೋಗುತ್ತದೆ. ಪಳಗಿದವರು ಮೂರು ಫಾನ್ ಇಲ್ಲದೆ ಗೆಲ್ಲುವಂತಿಲ್ಲ ಎಂಬ ಕಟ್ಟಳೆ ಹಾಕಿಕೊಳ್ಳುವುದುಂಟು. ಹೊಸಬರು ಅದನ್ನು ಬಿಟ್ಟು ಯಾವ ಕೈಯಾದರೂ ಗೆಲುವೇ ಎಂದು ಆರಂಭಿಸಬಹುದು. ಯಾವುದೇ ಆಗಲಿ, ಗೋಡೆ ಕಟ್ಟುವ ಮುನ್ನವೇ ನಾಲ್ವರೂ ಒಪ್ಪಿರಬೇಕು. ಮಾಜಾಂಗ್ ಮೇಜಿನ ಜಗಳಗಳಲ್ಲಿ ಹೆಚ್ಚಿನವು ಇದನ್ನು ಮೊದಲೇ ಮಾತಾಡದಿರುವುದರಿಂದ ಹುಟ್ಟುತ್ತವೆ.

ಗುಂಪು, ಜೋಡಿಗಳ ಆಕಾರವನ್ನು ಮೀರಿದ ಅಪೂರ್ವ ಕೈಯೊಂದಿದೆ. ಮೂರೂ ವರ್ಗಗಳ ಒಂದು, ಒಂಬತ್ತುಗಳು, ನಾಲ್ಕು ಗಾಳಿಗಳು, ಮೂರು ಡ್ರ್ಯಾಗನ್‌ಗಳು ಒಂದೊಂದು, ಅವುಗಳಲ್ಲಿ ಯಾವುದಾದರೂ ಒಂದರ ಜೋಡಿ. ‘ಹದಿಮೂರು ಅನಾಥರು’ ಎಂದು ಇದರ ಹೆಸರು. ಎಲ್ಲರೂ ಮೊದಲು ಎಸೆಯುವ ಬಿಲ್ಲೆಗಳಿಂದಲೇ ಕಟ್ಟಿದ ಈ ಕೈಗೆ ಅಂಕ ಅತ್ಯಧಿಕ.

ನಿಂಗ್ಬೋದಿಂದ ಲ್ಹಾಸಾದವರೆಗೆ

ಮಾಜಾಂಗ್ ಅನ್ನು ಕನ್‌ಫ್ಯೂಷಿಯಸ್ ರಚಿಸಿದನೆಂಬ ಕಥೆ ಪ್ರಚಾರದಲ್ಲಿದೆ. ಅದಕ್ಕೆ ಆಧಾರವಿಲ್ಲ, ಸರಕು ಮಾರುವವರು ಕಟ್ಟಿದ ಕಥೆ. ಆಟ ಈಗಿನ ರೂಪ ತಾಳಿದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಚೀನಾದ ಬಂದರು ನಗರ ನಿಂಗ್ಬೋದ ಚೆನ್ ಯುಮೆನ್ ಎಂಬಾತನಿಗೆ ಇದರ ಶ್ರೇಯಸ್ಸನ್ನು ಕೊಡುವ ಪರಂಪರೆ ಇದೆ. ಅಲ್ಲಿನ ತಿಯಾನ್‌ಯಿ ಗ್ರಂಥಭಂಡಾರದ ಆವರಣದಲ್ಲಿ ಮಾಜಾಂಗ್ ವಸ್ತುಸಂಗ್ರಹಾಲಯವಿದೆ. ಸ್ಟ್ಯಾಂಡರ್ಡ್ ಆಯಿಲ್ ಕಂಪನಿಯ ಪ್ರತಿನಿಧಿಯಾಗಿ ಚೀನಾದಲ್ಲಿದ್ದ ಜೋಸೆಫ್ ಬ್ಯಾಬ್‌ಕಾಕ್ 1920ರಲ್ಲಿ ಸರಳ ನಿಯಮಗಳ ಕೈಪಿಡಿ ಹೊರತಂದ ಮೇಲೆ ಅಮೆರಿಕಕ್ಕೆ ಹುಚ್ಚು ಹಿಡಿಯಿತು. ಬಿಲ್ಲೆಗಳನ್ನು ಆಗ ಮೂಳೆ ಮತ್ತು ಬಿದಿರಿನಿಂದ ಮಾಡುತ್ತಿದ್ದರು. ಬೇಡಿಕೆ ಪೂರೈಸಲು ಅಮೆರಿಕದ ಕಸಾಯಿಖಾನೆಗಳಿಂದಲೇ ಶಾಂಘೈಗೆ ದನದ ಮೂಳೆ ಹೋಗುತ್ತಿತ್ತು.

ಆಟದೊಂದಿಗೆ ಜೂಜೂ ಹೋಯಿತು. 1949ರ ನಂತರ ಕಮ್ಯುನಿಸ್ಟ್ ಚೀನಾ ಇದನ್ನು ಹತ್ತಿಕ್ಕಿತು. ಸಾಂಸ್ಕೃತಿಕ ಕ್ರಾಂತಿಯ ಕಾಲದಲ್ಲಿ ಬಿಲ್ಲೆ ಇಟ್ಟುಕೊಳ್ಳುವುದೇ ಅಪಾಯವಾಗಿತ್ತು. ಮತ್ತೆ ಬಹಿರಂಗವಾಗಿ ಮೇಜುಗಳು ಬಿದ್ದದ್ದು 1980ರ ದಶಕದಲ್ಲಿ. ಇದಕ್ಕೂ ಮುಂಚಿನ ಒಂದು ಪ್ರಸಂಗ ಟಿಬೆಟಿನದು. 1940ರ ದಶಕದಲ್ಲಿ ಲ್ಹಾಸಾದಲ್ಲಿದ್ದ ಆಸ್ಟ್ರಿಯಾದ ಪರ್ವತಾರೋಹಿ ಹೈನ್ರಿಶ್ ಹ್ಯಾರರ್, ಆ ನಗರದಲ್ಲಿ ಮಾಜಾಂಗ್ ಗೀಳು ಮೇಲಿನವರಿಂದ ಆಳುಕಾಳುಗಳವರೆಗೆ ಹಬ್ಬಿ, ಹಣ ಕಳೆದುಕೊಳ್ಳುವವರು ಹೆಚ್ಚಾದಾಗ ಸರ್ಕಾರವೇ ಬಿಲ್ಲೆಗಳನ್ನು ಕೊಂಡುಕೊಂಡು ಆಟವನ್ನು ನಿಷೇಧಿಸಿತೆಂದು ತಮ್ಮ ‘ಟಿಬೆಟಿನಲ್ಲಿ ಏಳು ವರ್ಷ’ ಕೃತಿಯಲ್ಲಿ ದಾಖಲಿಸಿದ್ದಾರೆ. 1960ರ ದಶಕದಲ್ಲಿ ಬೈಲಕುಪ್ಪೆ, ಮುಂಡಗೋಡಗಳಿಗೆ ಬಂದು ನೆಲೆಸಿದ ಟಿಬೆಟನ್ನರ ಹಿರಿಯ ತಲೆಮಾರು ಬಂದದ್ದು ಆ ನಾಡಿನಿಂದ. ಭಾರತದಲ್ಲಿ ಕೋಲ್ಕತ್ತದ ಚೀನೀ ಸಮುದಾಯ, ಮಹಾನಗರಗಳ ಕ್ಲಬ್‌ಗಳು ಹಾಗೂ ಸೇನಾಧಿಕಾರಿಗಳ ಕುಟುಂಬಗಳು ಈ ಆಟವನ್ನು ಉಳಿಸಿಕೊಂಡು ಬಂದಿವೆ.

ಹಣವಿಟ್ಟರೆ ಕಾನೂನು ಏನನ್ನುತ್ತದೆ

ಧರ್ಮರಾಯನ ಪಗಡೆಯ ಕಥೆ ತಿಳಿಯದವರು ನಮ್ಮಲ್ಲಿಲ್ಲ. ಆದರೂ ‘ಸುಮ್ಮನೆ ಆಡಿದರೆ ಏನು ಮಜಾ, ಹತ್ತು ಹತ್ತು ರೂಪಾಯಿ ಇಡೋಣ’ ಎಂಬ ಮಾತು ಬೇಗನೆ ಬರುತ್ತದೆ. ಅಂಕ ಇಮ್ಮಡಿಸುವ ಮಾಜಾಂಗ್‌ನಲ್ಲಿ ಹತ್ತು ರೂಪಾಯಿ ಹತ್ತಾಗಿ ಉಳಿಯುವುದಿಲ್ಲ. ಐದು ಬಾರಿ ಇಮ್ಮಡಿಸಿದರೆ ಅದು 320. ಒಂದು ಸಂಪೂರ್ಣ ಆಟದಲ್ಲಿ ಕನಿಷ್ಠ ಹದಿನಾರು ಕೈಗಳಿರುತ್ತವೆ.

ಕರ್ನಾಟಕ ಪೊಲೀಸ್ ಕಾಯ್ದೆ, 1963ರ ಪ್ರಕಾರ ಜೂಜು ಅಡ್ಡೆ ನಡೆಸುವುದೂ ಸಾರ್ವಜನಿಕ ಸ್ಥಳದಲ್ಲಿ ಜೂಜಾಡುವುದೂ ಅಪರಾಧ. ಯುಗಾದಿ, ದೀಪಾವಳಿಗಳ ಹೊತ್ತಿಗೆ ಇಸ್ಪೀಟು, ಅಂದರ್ ಬಾಹರ್ ಆಡುತ್ತಿದ್ದವರ ಬಂಧನದ ಸುದ್ದಿಗಳು ಬರುವುದು ಈ ಕಾಯ್ದೆಯ ಅಡಿಯಲ್ಲಿಯೇ. ಕೌಶಲದ ಆಟಗಳಿಗೆ ಅದರಲ್ಲಿ ವಿನಾಯಿತಿ ಇದೆ. ಸಿಕಂದರಾಬಾದಿನ ಕ್ಲಬ್ಬೊಂದರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ನೀಡಿದ, 1968ರದೆಂದೇ ಪ್ರಸಿದ್ಧವಾದ ತೀರ್ಪು ರಮ್ಮಿಯನ್ನು ಪ್ರಧಾನವಾಗಿ ಕೌಶಲದ ಆಟವೆಂದಿತು. ಆದರೆ ಆಟ ಆಡಿಸುವವರು ಪಣದಿಂದ ಲಾಭ ಮಾಡಿಕೊಂಡರೆ ಅದು ಅಪರಾಧವಾಗಬಹುದೆಂದೂ ಎಚ್ಚರಿಸಿತು. ಇದು ರಮ್ಮಿಯ ಕುರಿತ ತೀರ್ಪು. ಅದನ್ನೇ ಗುರಾಣಿಯಾಗಿ ಹಿಡಿದು ಮಾಜಾಂಗ್ ಮೇಜಿಗೆ ಹಣ ತರುವುದು ಜಾಣತನವಲ್ಲ.

ಆನ್‌ಲೈನ್ ಆಟಗಳ ಕಥೆ ಇನ್ನೂ ಬಿಗಿ. 2021ರಲ್ಲಿ ರಾಜ್ಯ ಸರ್ಕಾರ ತಂದ ತಿದ್ದುಪಡಿಯ ಮುಖ್ಯ ಅಂಶಗಳನ್ನು ಹೈಕೋರ್ಟ್ 2022ರ ಫೆಬ್ರವರಿ 14ರಂದು ರದ್ದುಪಡಿಸಿತ್ತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಕಾಯ್ದೆಯಾದರೋ, ಹಣ ಪಣಕ್ಕಿಡುವ ಆನ್‌ಲೈನ್ ಆಟಗಳನ್ನು ಕೌಶಲ, ಅದೃಷ್ಟವೆಂಬ ಭೇದವೆಣಿಸದೆ ನಿಷೇಧಿಸುತ್ತದೆ. ಹಣವಿಲ್ಲದೆ ಕೇವಲ ಅಭ್ಯಾಸಕ್ಕಾಗಿ ಆಡುವ ಮಾಜಾಂಗ್ ಆ್ಯಪ್‌ಗಳಿಗೆ ಈ ತೊಡಕಿಲ್ಲ. ಆದರೆ ಚಿತ್ರ ಜೋಡಿಸುವ ಒಂಟಿಯಾಟವನ್ನು ಇಳಿಸಿಕೊಳ್ಳದಂತೆ ಎಚ್ಚರ ವಹಿಸಬೇಕು, ಎರಡಕ್ಕೂ ಹೆಸರೊಂದೇ.

ಮೇಜು, ಫ್ಯಾನು, ನಾಲ್ವರು

ಬೇಕಾಗುವ ಸಲಕರಣೆ ಕಡಿಮೆ. ನಾಲ್ವರೂ ಕೈಚಾಚಿದರೆ ನಡುವಿಗೆ ಎಟಕುವಷ್ಟು ಅಗಲದ ಚೌಕ ಮೇಜು, ಅದರ ಮೇಲೆ ಸದ್ದು ತಗ್ಗಿಸಲು ದಪ್ಪನೆಯ ಬಟ್ಟೆ ಅಥವಾ ಹಳೆಯ ಜಮಖಾನೆ. ಈಗಿನ ಬಿಲ್ಲೆಗಳು ಪ್ಲಾಸ್ಟಿಕ್ಕಿನವು, ಒದ್ದೆ ಬಟ್ಟೆಯಿಂದ ಒರೆಸಬಹುದು. ಬಳ್ಳಾರಿಯ ಬೇಸಿಗೆಯಲ್ಲಿ ಇವುಗಳಿಂದ ಇಸ್ಪೀಟಿಗಿಲ್ಲದ ಒಂದು ಅನುಕೂಲವಿದೆ. ಫ್ಯಾನನ್ನು ಪೂರ್ತಿ ತಿರುಗಿಸಿದರೂ ಬಿಲ್ಲೆ ಹಾರಿಹೋಗುವುದಿಲ್ಲ. ರಮ್ಮಿ ಆಡುವವರು ಎಲೆ ಹಾರುತ್ತದೆಂದು ಫ್ಯಾನು ನಿಲ್ಲಿಸಿ ಬೆವರುವುದನ್ನು ಬಲ್ಲವರಿಗೆ ಇದರ ಬೆಲೆ ಗೊತ್ತು.

ದೀರ್ಘಕಾಲ ಆಡುವವರಿಗೆ ಒಂದು ಎಚ್ಚರಿಕೆ. ಮಾಜಾಂಗ್ ಆಡುವಾಗ ಅಥವಾ ನೋಡುವಾಗ ಮಾತ್ರ ಕಾಣಿಸಿಕೊಳ್ಳುವ ಅಪರೂಪದ ಮೂರ್ಛೆರೋಗದ ಪ್ರಕರಣಗಳನ್ನು ಹಾಂಕಾಂಗ್‌ನ ವೈದ್ಯರು 2007ರಲ್ಲಿ ಅಲ್ಲಿನ ವೈದ್ಯಕೀಯ ಪತ್ರಿಕೆಯೊಂದರಲ್ಲಿ ವರದಿ ಮಾಡಿದ್ದರು. ರಾತ್ರಿಯಿಡೀ ನಿದ್ದೆಗೆಟ್ಟು ಆಡುವ ಚಟವನ್ನು ಮೊದಲಿನಿಂದಲೇ ದೂರವಿಡುವುದು ಒಳಿತು.

ಮೊದಲ ಸಂಜೆ ಹೂವುಗಳನ್ನು ತೆಗೆದಿಟ್ಟು, ಅಂಕ ಬರೆಯದೆ, ಎಲ್ಲರೂ ಬಿಲ್ಲೆಗಳನ್ನು ಮೇಲ್ಮುಖವಾಗಿ ತೆರೆದಿಟ್ಟುಕೊಂಡು ಎರಡು ಕೈ ಆಡುವುದು ಸೂಕ್ತ. ಎರಡನೆಯ ಸಂಜೆ ಮುಚ್ಚಿಟ್ಟುಕೊಂಡು ಆಡಬಹುದು, ಕೂಗುಗಳೊಂದಿಗೆ. ಎಸೆದ ಬಿಲ್ಲೆಗಳನ್ನು ನಡುವೆ ರಾಶಿ ಹಾಕದೆ ಪ್ರತಿಯೊಬ್ಬರೂ ತಮ್ಮ ಮುಂದೆ ಸಾಲಾಗಿ ಜೋಡಿಸುವ ಪದ್ಧತಿಯನ್ನು ಆಗಿನಿಂದಲೇ ಹಾಕಿಕೊಳ್ಳಬೇಕು. ಯಾರು, ಯಾವಾಗ, ಏನನ್ನು ಬಿಟ್ಟರೆಂಬುದು ಆ ಸಾಲಿನಲ್ಲಿ ಓದಲು ಸಿಗುತ್ತದೆ. ಅಂಕಗಳ ಲೆಕ್ಕ ಮೂರನೆಯ ಸಂಜೆಗೆ, ಹೂವುಗಳು ಅದಕ್ಕೂ ಆಮೇಲೆ. ಐದನೆಯವರು ಬಂದರೆ ಅವರನ್ನು ಒಬ್ಬರ ಹಿಂದೆ ಕೂರಿಸಬಹುದು. ನೋಡುವವರು ಬಾಯಿಬಿಡಬಾರದೆಂಬ ನಿಯಮ ರಮ್ಮಿಯಲ್ಲಿದ್ದಂತೆ ಇಲ್ಲಿಯೂ ಇದೆ.